ಕಣ್ಪೊರೆಯ ಶಸ್ತ್ರಕ್ರಿಯೆ: ಹನಿಯೋ, ಸೂಜಿಯೋ?

ಬೈಲಹೊಂಗಲದ ಎರೆಹೊಲಗಳಲ್ಲಿ ಹತ್ತಿ ಬಿಡಿಸಿದವರೂ, ರಾಮದುರ್ಗದ ಕೈಮಗ್ಗದ ಮುಂದೆ ಕುಳಿತು ಎಳೆ ಎಣಿಸಿದವರೂ, ಕಿತ್ತೂರು–ಸವದತ್ತಿಗಳ ಹಳ್ಳಿಗಳಲ್ಲಿ ‘ಸುಗ್ಗಿ ಮುಗೀಲಿ, ಗುಡ್ಡದ ಜಾತ್ರಿ ಆಗಲಿ’ ಎಂದು ದಿನ ನೂಕಿದವರೂ, ಮೋತಿಬಿಂದು ಬಲಿತು ಮೊಮ್ಮಕ್ಕಳ ಮುಖವೇ ಮಸುಕಾದ ಮೇಲೆ ವೈದ್ಯರ ಬಳಿಗೆ ಬರುವರು, ಆಗ ಅವರ ಬಾಯಿಂದ ಮೊದಲು ಹೊರಡುವ ಪ್ರಶ್ನೆ, “ಕಣ್ಣಾಗ ಸೂಜಿ ಚುಚ್ಚತೀರೇನ್ರೀ?” ಎಂಬುದು. ಈ ಭೀತಿಯನ್ನು ಅಜ್ಞಾನವೆಂದು ತಿರಸ್ಕರಿಸುವುದು ಸಲ್ಲದು. ಅದಕ್ಕೆ ಉತ್ತರ ಕೊಡುವುದು ವೈದ್ಯಧರ್ಮದ ಭಾಗವೇ ಆಗಿದೆ.

ರೋಗಿಯ ಪ್ರಜ್ಞೆಗೆ ಭಂಗ ತಾರದೆ ಕಣ್ಣೊಂದನ್ನೇ ಜೋಮುಗೊಳಿಸುವ ವಿದ್ಯೆ 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರನು ಪ್ರಯೋಗಿಸಿದ ಕೊಕೇನ್ ಹನಿಗಳಿಂದ ಆರಂಭವಾಯಿತು. ಕೊಕೇನ್ ಕರಿಗುಡ್ಡೆಯ ಮೇಲ್ಪದರವನ್ನು ಕೆಡಿಸುತ್ತಿದ್ದುದರಿಂದ ಕ್ರಮೇಣ ಬೇರೆ ಔಷಧಗಳು ಬಂದವು. ಸ್ವೀಡನ್ನಿನಲ್ಲಿ 1943ರಲ್ಲಿ ಸಿದ್ಧವಾದ ಲಿಗ್ನೋಕೇನ್ ಕೆಲವೇ ನಿಮಿಷಗಳಲ್ಲಿ ಹತ್ತುವುದು, ಬೇಗ ಇಳಿಯುವುದು. ಅಲ್ಲಿಯೇ 1957ರಲ್ಲಿ ದೊರೆತ ಬ್ಯುಪಿವಕೇನ್ ನಿಧಾನವಾಗಿ ಹತ್ತಿ ಹಲವು ಗಂಟೆ ನಿಲ್ಲುವುದು, ಆದರೆ ಪ್ರಮಾದದಿಂದ ರಕ್ತನಾಳವನ್ನು ಹೊಕ್ಕರೆ ಹೃದಯಕ್ಕೆ ಲಿಗ್ನೋಕೇನಿಗಿಂತ ಹೆಚ್ಚು ಅಪಾಯಕರ. ಒಂದರ ಶೀಘ್ರತೆಯನ್ನೂ ಇನ್ನೊಂದರ ದೀರ್ಘತೆಯನ್ನೂ ಕೂಡಿಸಲೆಂದೇ ಶಸ್ತ್ರವೈದ್ಯರು ಇವೆರಡನ್ನು ಬೆರೆಸಿ, ಮದ್ದು ಚೆನ್ನಾಗಿ ಹರಡಲು ಹಯಲುರಾನಿಡೇಸ್ ಕೂಡಿಸಿ, ಕಣ್ಗುಡ್ಡೆಯ ಸುತ್ತ ಸೂಜಿಯಿಂದ ಕೊಡುವರು.

ಪ್ರೊಪರಕೇನ್ ಹನಿಗಳ ಮಾರ್ಗ ಬೇರೆ. ಅರ್ಧ ನಿಮಿಷದೊಳಗೆ ಕಣ್ಣಿನ ಮೇಲ್ಮೈ ಜೋಮು ಹಿಡಿಯುತ್ತದೆ. ಸೂಜಿಯಿಲ್ಲ, ಕಣ್ಣಿನ ಹಿಂದೆ ರಕ್ತಸ್ರಾವವಾಗುವ ಅಥವಾ ಗುಡ್ಡೆಗೆ ತೂತು ಬೀಳುವ ಶಂಕೆಯಿಲ್ಲ. ಒಂದೇ ಕಣ್ಣಿನ ಆಸರೆಯಲ್ಲಿ ಬದುಕುವವರಿಗೆ ಬೇಗನೆ ನೋಟ ಮರಳುವುದು ಸಣ್ಣ ಲಾಭವಲ್ಲ. ಆದರೆ ಕಣ್ಣು ಚಲಿಸುತ್ತಲೇ ಇರುತ್ತದೆ, ‘ದೀಪ ನೋಡ್ರಿ, ಅಲುಗಬ್ಯಾಡ್ರಿ’ ಎಂಬ ಮಾತನ್ನು ರೋಗಿ ಕೇಳಿ ಪಾಲಿಸಬೇಕಾಗುತ್ತದೆ. ಕಿವಿ ಕೇಳದ, ಕೆಮ್ಮು ತಡೆಯಲಾಗದ, ತಲೆ ನಡುಗುವ ಎಂಬತ್ತರ ಅಜ್ಜಿಗೆ ಇದು ಹೇಗೆ ಸಾಧ್ಯ? ಪೊರೆಯನ್ನು ಒಳಗೇ ಪುಡಿಮಾಡಿ ತೆಗೆಯುವ ಫೇಕೋ ಯಂತ್ರದ ಸೂಕ್ಷ್ಮ ಛೇದಕ್ಕೆ ಹನಿ ಸಾಲಬಹುದು. ಬಲಿತು ಕಲ್ಲಾದ ಪೊರೆಯನ್ನು ಯಂತ್ರವಿಲ್ಲದೆ, ತುಸು ದೊಡ್ಡ ಛೇದದ ಮೂಲಕ ತೆಗೆಯುವಾಗ ಸಾಮಾನ್ಯವಾಗಿ ಸಾಲದು.

ಹನಿ, ಸೂಜಿ ಇವೆರಡರ ನಡುವಣ ದಾರಿಯನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಬಿಳಿಗುಡ್ಡೆಯ ಮೇಲಿನ ಟೆನಾನ್ ಪೊರೆಯನ್ನು ಹನಿ ಹಾಕಿದ ಬಳಿಕ ಕೊಂಚ ಬಿಡಿಸಿ, ಮೊನೆಯಿಲ್ಲದ ಮೊಂಡು ನಳಿಕೆಯಿಂದ ಮದ್ದು ಹರಿಸುವುದು ಆ ಕ್ರಮ. ಚುಚ್ಚುಮದ್ದಿನ ಅಪಾಯ ತಗ್ಗುತ್ತದೆ, ಹನಿಗಿಂತ ನೋವು ಕಡಿಮೆಯೆಂದು ತುಲನಾತ್ಮಕ ಪರೀಕ್ಷೆಗಳು ತೋರಿವೆ. ಕಣ್ಣು ಕೆಂಪಾಗುವುದು, ತುಸು ಊದುವುದು ಸಹಿಸಬಹುದಾದ ಬೆಲೆ.

ಬೀಳಗಿಯಲ್ಲಿ 1916ರಲ್ಲಿ ಜನಿಸಿದ ನೇತ್ರವೈದ್ಯ ಡಾ. ಎಂ. ಸಿ. ಮೋದಿಯವರು ಶಿಬಿರಗಳ ಮೂಲಕ ಹಳ್ಳಿಯವರೆಡೆಗೆ ಕಣ್ಣಿನ ಶಸ್ತ್ರಕ್ರಿಯೆಯನ್ನು ಒಯ್ದರು. ಇಂದು ರೋಗಿಗಳೇ ವಾಹನವೇರಿ ಆಸ್ಪತ್ರೆಗೆ ಹೋಗುತ್ತಾರೆ. ಹನಿಯೇ ಆಧುನಿಕ, ಸೂಜಿಯೇ ಹಳತು ಎಂಬ ಮಾತಿಗೆ ಮರುಳಾಗದೆ, ಹೊರಡುವ ಮುನ್ನ ಮನೆಯವರು ರಕ್ತ ತೆಳುವಾಗಿಸುವ ಗುಳಿಗೆ, ಕಿವುಡು, ಕೆಮ್ಮು, ಹಿಂದೆ ಯಾವ ಮದ್ದು ಒಗ್ಗಲಿಲ್ಲ ಎಂಬುದನ್ನೆಲ್ಲ ವೈದ್ಯರಿಗೆ ತಿಳಿಸಲಿ. ಗುಳಿಗೆಯನ್ನು ತಾವಾಗಿ ನಿಲ್ಲಿಸದಿರಲಿ. ವೈದ್ಯರೂ ಈ ಕಣ್ಣಿಗೆ ಈ ಮದ್ದನ್ನೇ ಏಕೆ ಆರಿಸಿದೆವೆಂಬುದನ್ನು ಅವರ ಮಾತಿನಲ್ಲಿಯೇ ವಿವರಿಸಲಿ.