ಮನೆಯ ಯಂತ್ರಗಳು: ಗಣಕಯಂತ್ರದ ವಿದ್ಯುತ್ ಪೆಟ್ಟಿಗೆ

ಕಳೆದ ಸಂಚಿಕೆಯಲ್ಲಿ ನೀರೆತ್ತುವ ಪಂಪಿನ ವಿಚಾರವನ್ನು ಮುಗಿಸುವಾಗ, ಮುಂದೆ ಮೇಜಿನ ಮೇಲಿನ ಗಣಕಯಂತ್ರವನ್ನು ಕುರಿತು ಬರೆಯುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಮಾತು ಕೊಟ್ಟ ವಾರದಲ್ಲಿಯೇ ನಮ್ಮ ಮನೆಯ ಯಂತ್ರವು ಹಟ ಹಿಡಿಯಿತಾದ್ದರಿಂದ, ಬರಹಕ್ಕೆ ಬೇಕಾದ ಸಾಮಗ್ರಿಯನ್ನು ಹುಡುಕಿಕೊಂಡು ಹೊರಗೆ ಹೋಗಬೇಕಾಗಲಿಲ್ಲ.

ಮೊದಮೊದಲು ಕಾಣಿಸಿದ ಲಕ್ಷಣವು ಬಲು ಅಲ್ಪವಾದುದು. ಮುಂಜಾನೆಯ ಚಳಿಯಲ್ಲಿ ಗುಂಡಿಯನ್ನೊತ್ತಿದರೆ ಯಂತ್ರವು ಏಳುತ್ತಿರಲಿಲ್ಲ. ನಾಲ್ಕೈದು ಸಲ ಒತ್ತಿದ ಬಳಿಕ ಎದ್ದು, ಸಂಜೆಯವರೆಗೂ ತಕರಾರಿಲ್ಲದೆ ನಡೆಯುತ್ತಿದ್ದಿತು. ಕೆಲವು ದಿನಗಳಾದ ಮೇಲೆ ಇನ್ನೊಂದು ತೊಡಕು ಸೇರಿತು. ಕರೆಂಟು ಹೋಗಿ ಇನ್ವರ್ಟರು ಭಾರವನ್ನು ಹೊರುವ ಗಳಿಗೆಯಲ್ಲಿ ದೀಪಗಳು ಮಿಟುಕದೆ, ಫ್ಯಾನು ನಿಲ್ಲದೆ ಇರುತ್ತಿದ್ದರೂ ಗಣಕಯಂತ್ರವೊಂದು ಮಾತ್ರ ಪಟ್ಟನೆ ಆರಿಹೋಗುವುದು. ಎಂಟು ವರ್ಷ ಹೀಗಾಗಿರಲಿಲ್ಲ. ನಾವು ಇನ್ವರ್ಟರಿನವರನ್ನು ಕರೆಸಿ, ಕೊಂಚ ಬಿರುಸಾಗಿಯೇ ಮಾತನಾಡಿದೆವು. ಅವರು ಪರೀಕ್ಷಿಸಿ, ತಮ್ಮ ಯಂತ್ರದಲ್ಲಿ ದೋಷವಿಲ್ಲವೆಂದರು, ನಾವು ನಂಬಲಿಲ್ಲ. ತರುವಾಯ ಬಂದ ರಿಪೇರಿಯವರು ಮುಚ್ಚಳವನ್ನು ಸಹ ತೆಗೆಯದೆ, ಮದರ್‌ಬೋರ್ಡು ಹೋಗಿದೆ, ಹೊಸ ಯಂತ್ರವನ್ನೇ ಕೊಳ್ಳುವುದು ಲೇಸು ಎಂದುಬಿಟ್ಟರು. ನಾವು ಒಪ್ಪಿಕೊಳ್ಳುವುದರಲ್ಲಿದ್ದೆವು.

ತಡೆದವರು ಮನೆಯಾಕೆ. ನಮ್ಮ ತೀರ್ಥರೂಪರು ನಲವತ್ತು ವರ್ಷಗಳ ಕಾಲ ಬರೆದಿಟ್ಟ ಬೇಸಾಯದ ದಿನಚರಿಯನ್ನು ಆಕೆ ಎರಡು ಬೇಸಗೆ ಕುಳಿತು ಅದೇ ಯಂತ್ರದಲ್ಲಿ ಟೈಪು ಮಾಡಿದ್ದರು. ಮೂಲಪುಸ್ತಕಗಳಿಗೆ ಗೆದ್ದಲು ಹಿಡಿದು ಆಗಲೇ ಮೂರು ಮಳೆಗಾಲ ಕಳೆದಿದ್ದುವು, ಬೇರೊಂದು ಪ್ರತಿಯಿರಲಿಲ್ಲ. “ಯಂತ್ರ ಹೋದರೆ ಹೋಗಲಿ, ಮಾವನವರ ಬರಹ ಮೊದಲು ಹೊರಗೆ ಬರಲಿ” ಎಂದರು. ಅದರಂತೆ ಮಧ್ಯಾಹ್ನ ಯಂತ್ರವು ಸಮಾಧಾನದಲ್ಲಿದ್ದಾಗ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿದೆವು. ವಾಚಕರೂ ಬೇರೆಲ್ಲಕ್ಕಿಂತ ಮೊದಲು ಇದನ್ನು ಮಾಡತಕ್ಕದ್ದು. ಹಾರ್ಡ್ ಡಿಸ್ಕಿನಲ್ಲಿ ಬರಹವು ದಾಖಲಾಗುತ್ತಿರುವಾಗಲೇ ವಿದ್ಯುತ್ತು ಕಡಿದುಹೋದರೆ ಆ ಕಡತವು ಕೆಡುವ ಸಂಭವವುಂಟು.

ಇನ್ನು ದೋಷದ ಮೂಲಕ್ಕೆ ಬರೋಣ. ಗೋಡೆಯಿಂದ ಬರುವುದು 230 ವೋಲ್ಟಿನ ವಿದ್ಯುತ್ತು. ಗಣಕಯಂತ್ರದ ಅಂಗಗಳಿಗೆ ಬೇಕಾದುದು 12, 5 ಮತ್ತು 3.3 ವೋಲ್ಟಿನದು. ಇದನ್ನು ಅದಾಗಿ ಮಾರ್ಪಡಿಸುವುದೇ ಪೆಟ್ಟಿಗೆಯ ಹಿಂಬದಿಯಲ್ಲಿ ಫ್ಯಾನಿನೊಡನೆ ಕುಳಿತಿರುವ, ಅಂಗಡಿಯವರು ಎಸ್.ಎಂ.ಪಿ.ಎಸ್. ಎಂದು ಕರೆಯುವ ತಗಡಿನ ಡಬ್ಬಿ. ಅದರೊಳಗೆ ಕೆಪ್ಯಾಸಿಟರ್ ಎಂಬ, ವಿದ್ಯುತ್ತಿನ ಕಣಜದಂತಹ ಭಾಗಗಳಿರುತ್ತವೆ. ಕರೆಂಟು ಹೋಗಿ ಇನ್ವರ್ಟರು ಎಚ್ಚರಗೊಳ್ಳುವವರೆಗಿನ ಸಂದಿನಲ್ಲಿ ಯಂತ್ರವನ್ನು ಕಾಪಾಡುವುದು ಈ ಕಣಜವೇ. ಒಳ್ಳೆಯ ಸ್ಥಿತಿಯಲ್ಲಿರುವ ಡಬ್ಬಿಯು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ 16-17 ಪಾಲಿನಷ್ಟು ಹೊತ್ತು ತಾಳಿಕೊಳ್ಳುವುದು. ವರ್ಷಗಳು ಕಳೆದಂತೆ ಕಾವಿಗೆ ಕೆಪ್ಯಾಸಿಟರಿನೊಳಗಿನ ದ್ರವವು ಒಣಗುತ್ತದೆ, ಸಂಗ್ರಹವು ಕುಗ್ಗುತ್ತದೆ, ಹಿಂದೆ ದಾಟುತ್ತಿದ್ದ ಸಂದನ್ನೇ ದಾಟಲಾರದಾಗುತ್ತದೆ. ಬಳಲಿದ ಕೆಪ್ಯಾಸಿಟರು ಚಳಿಯಲ್ಲಿ ಇನ್ನಷ್ಟು ದುರ್ಬಲವಾಗಿ, ಕೊಂಚ ಬೆಚ್ಚಗಾದ ಮೇಲೆ ಚೇತರಿಸಿಕೊಳ್ಳುವುದುಂಟು. ನಮ್ಮ ಮುಂಜಾನೆಯ ಒಗಟೂ ಇನ್ವರ್ಟರಿನ ಒಗಟೂ ಹೀಗೆ ಒಂದೇ ಬೀಗದ ಎರಡು ಕೀಲಿಗಳಾಗಿದ್ದುವು.

ಆದರೆ ಸಂಶಯ ಬಂದೊಡನೆ ಡಬ್ಬಿಯನ್ನು ಬದಲಾಯಿಸುವುದೂ ಸರಿಯಲ್ಲ. ಮೊದಲು ಬೇರೊಂದು ಪ್ಲಗ್ಗಿಗೂ ಬೇರೊಂದು ತಂತಿಗೂ ಸೇರಿಸಿ ನೋಡಬೇಕು. ಸಡಿಲವಾದ ಎಕ್ಸ್‌ಟೆನ್ಷನ್ ಬೋರ್ಡು ಮಾಡುವ ಅವಾಂತರವು ಅಷ್ಟಿಷ್ಟಲ್ಲ. ಇನ್ವರ್ಟರಿನಲ್ಲಿ ಯು.ಪಿ.ಎಸ್. ಎಂಬ ಸ್ಥಾನವಿದ್ದರೆ ಸ್ವಿಚ್ಚು ಅಲ್ಲಿಯೇ ಇದೆಯೇ ಎಂಬುದನ್ನು ಗಮನಿಸಬೇಕು. ನೀಲಿ ಪರದೆಯ ಮೇಲೆ ಏನಾದರೂ ಅಕ್ಷರಗಳನ್ನು ತೋರಿಸಿ ಯಂತ್ರವು ನಿಂತರೆ ರ್‍ಯಾಮ್, ಡಿಸ್ಕು ಮೊದಲಾದವುಗಳ ಮೇಲೆಯೂ ಗುಮಾನಿ ಇಡಬೇಕು. ಒಂದಕ್ಷರವನ್ನೂ ಹೇಳದೆ ಕಣ್ಣು ಮುಚ್ಚಿದರೆ ಡಬ್ಬಿಯ ಮೇಲೆ ಸಂಶಯವು ಹೆಚ್ಚು. ಪ್ರೊಸೆಸರು ಕಾದರೂ ಹೀಗೆಯೇ ಆರುವುದು, ನಿಜ. ಆದರೆ ಅದು ಕೆಲಸ ಮಾಡಿದ ಮೇಲೆ ಕಾಣಿಸುವ ಕಾಯಿಲೆ, ಮುಂಜಾನೆಯ ಚಳಿಯದಲ್ಲ.

ಹಸುರು ತಂತಿಯನ್ನು ಕಪ್ಪು ತಂತಿಗೆ ಗುಂಡುಸೂಜಿಯಿಂದ ಜೋಡಿಸಿ, ಫ್ಯಾನು ತಿರುಗಿದರೆ ಡಬ್ಬಿಯು ಸರಿ ಎಂದು ತೀರ್ಮಾನಿಸುವ ಪದ್ಧತಿಯೊಂದಿದೆ. ಇದರಿಂದ ಸತ್ತ ಡಬ್ಬಿಯು ಗೊತ್ತಾದೀತೇ ಹೊರತು ಬಳಲಿದ ಡಬ್ಬಿಯು ಗೊತ್ತಾಗದು. ಭಾರವೇ ಇಲ್ಲದಾಗ ಯಾವ ಮುದಿ ಎತ್ತಾದರೂ ನಡೆಯುತ್ತದೆ. ಅದಕ್ಕಿಂತ ಮಲ್ಟಿಮೀಟರು ಮೇಲು. ಯಂತ್ರವು ನಡೆಯುತ್ತಿರುವಾಗಲೇ, ಒಳಗೆ ಬರಿದೆ ತೂಗಾಡುವ ನಾಲ್ಕು ತಂತಿಯ ಪ್ಲಗ್ಗಿನಲ್ಲಿ ಹಳದಿಗೂ ಕಪ್ಪಿಗೂ ನಡುವೆ 11.4ರಿಂದ 12.6, ಕೆಂಪಿಗೂ ಕಪ್ಪಿಗೂ ನಡುವೆ 4.75ರಿಂದ 5.25 ವೋಲ್ಟು ಇರಬೇಕು. ಮೀಟರಿನ ಎರಡು ಮೊನೆಗಳು ಒಂದನ್ನೊಂದು ಮುಟ್ಟಕೂಡದು. ನಮ್ಮಲ್ಲಿ ಹಳದಿಯು ಸುಮ್ಮನಿರುವಾಗ 11.6 ತೋರಿಸಿ, ಮಗನು ಆಟವೊಂದನ್ನು ತೆರೆದೊಡನೆ 11.2ಕ್ಕೆ ಜಾರಿತು. ಹುಡುಗನ ಆಟವು ಕೆಲಸಕ್ಕೆ ಬಂದದ್ದು ಅದೇ ಮೊದಲು. ಅಂಕಿಗಳು ಸರಿಯಾಗಿದ್ದರೂ ಡಬ್ಬಿಯು ನಿರ್ದೋಷಿಯೆನ್ನಲಾಗದು. ವಿದ್ಯುತ್ತಿನ ಕ್ಷಣಮಾತ್ರದ ಏರಿಳಿತವು ಸಾಮಾನ್ಯ ಮೀಟರಿಗೆ ಕಾಣದು. ಅಂತಹ ಸಂದರ್ಭದಲ್ಲಿ ನೆಂಟರಿಷ್ಟರ ಮನೆಯಿಂದ ಚೆನ್ನಾಗಿರುವ ಡಬ್ಬಿಯನ್ನು ತಂದು, ಎರಡು ದಿನ ಹಾಕಿ ನೋಡುವುದೊಂದೇ ದಾರಿ. 1995ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ಎ.ಟಿ.ಎಕ್ಸ್. ಎಂಬ ಅಳತೆಯನ್ನು ಬಹುಪಾಲು ಯಂತ್ರಗಳು ಅನುಸರಿಸುವುದರಿಂದ ಇದು ಸಾಧ್ಯ. ಡಬ್ಬಿಯಿಂದ ಕಳಚಿಬರುವ ಬಗೆಯ ತಂತಿಗಳಿದ್ದರೆ ಒಂದರ ತಂತಿಯನ್ನು ಇನ್ನೊಂದಕ್ಕೆ ಚುಚ್ಚಬಾರದು. ತುದಿ ಒಂದೇ ಬಗೆಯಾಗಿ ಕಂಡರೂ ಒಳಗಿನ ಜೋಡಣೆ ಬೇರೆಯಾಗಿದ್ದು ಡಿಸ್ಕನ್ನು ಸುಟ್ಟೀತು.

ಡಬ್ಬಿಯ ಮೇಲುತಗಡನ್ನು ಮಾತ್ರ ಯಾರೂ ಬಿಚ್ಚಕೂಡದು. ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ತು ಪ್ಲಗ್ಗನ್ನು ಕಿತ್ತ ಮೇಲೆಯೂ ನಿಂತಿರಬಹುದು. ಅದು ಪ್ರಾಣಾಪಾಯದ ವಿಷಯ. ಧೂಳನ್ನು ತೆಗೆಯಬೇಕೆನಿಸಿದರೆ ಪ್ಲಗ್ಗನ್ನು ತೆಗೆದು, ಹೊರಗಿನಿಂದ ಕುಂಚದಲ್ಲಿ ಜಾಡಿಸಿದರಾಯಿತು. ಸುಟ್ಟ ವಾಸನೆಯೋ ಚಟಚಟ ಸದ್ದೋ ಬಂದರೆ ಯಾವ ಪರೀಕ್ಷೆಯೂ ಬೇಡ, ಗೋಡೆಯ ಸ್ವಿಚ್ಚನ್ನು ಆರಿಸಿ.

ಹೊಸದನ್ನು ಕೊಳ್ಳುವಾಗ ಅಂಗಡಿಯವರು ವ್ಯಾಟಿನ ದೊಡ್ಡ ಅಂಕಿಯನ್ನು ತೋರಿಸಿ ಬೆರಗುಗೊಳಿಸುವುದುಂಟು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಮನೆಯ ಯಂತ್ರಕ್ಕೆ 400 ವ್ಯಾಟಿನ ಪ್ರಾಮಾಣಿಕ ಡಬ್ಬಿಯು ಧಾರಾಳವಾಯಿತು. 80 ಪ್ಲಸ್ ಮುದ್ರೆಯೂ ಮೂರು ವರ್ಷಕ್ಕೆ ಕಡಮೆಯಿಲ್ಲದ ವಾರಂಟಿಯೂ ಇದ್ದರೆ ನಂಬಬಹುದು. ಹಗುರವಾದ, ಅಗ್ಗದ ಡಬ್ಬಿಯ ಮೇಲಿನ ಅಂಕಿಯನ್ನು ನಾವಂತೂ ನಂಬೆವು.

ಡಬ್ಬಿ ಬದಲಾದ ಮೇಲೆ ಯಂತ್ರವು ಮುಂಜಾನೆ ಒಂದೇ ಒತ್ತಿಗೆ ಏಳುತ್ತಿದೆ. ಮೊನ್ನೆ ಸಂಜೆ ಕರೆಂಟು ಮೂರು ಸಲ ಹೋಗಿ ಬಂದಿತು; ದಿನಚರಿಯ ಒಂದು ಪುಟವೂ ಅಲುಗಲಿಲ್ಲ. ಇನ್ವರ್ಟರಿನವರನ್ನು ಭಾನುವಾರ ಕಾಫಿಗೆ ಕರೆದಿದ್ದೇವೆ.