ಮದುವೆ ಅವರದು, ಜಾಗರಣೆ ನಮ್ಮದು

2024ರ ಕಾರ್ತಿಕದಲ್ಲಿ ನಮ್ಮೂರ ಪಕ್ಕದ ರೆಸಾರ್ಟಿನಲ್ಲಿ ಒಂದು ಮದುವೆ ಆಯಿತು. ನಮ್ಮದು ಗುಂಡ್ಲುಪೇಟೆ ತಾಲೂಕು, ಬಂಡೀಪುರ ಕಾಡಿನ ಅಂಚಿನ ಹಳ್ಳಿ. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ದೂರದ ಪಟ್ಟಣದವರು. ಕಾಡುಪ್ರಾಣಿ ಇರುವ ಜಾಗದಲ್ಲೇ ಮದುವೆ ಆಗಬೇಕೆಂದು ಇಲ್ಲಿಗೆ ಬಂದಿದ್ದರು. ಇದಕ್ಕೆ ಈಗ ‘ಡೆಸ್ಟಿನೇಶನ್ ವೆಡ್ಡಿಂಗ್’ ಅನ್ನುತ್ತಾರೆ. ನಾನು ಬರೆಯಹೊರಟಿದ್ದು ಮದುವೆ ದಿನದ ಸಂಗತಿಯಲ್ಲ, ಅದರ ಹಿಂದಿನ ದಿನದ್ದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಮದುವೆಯಿಂದ ನನಗೂ ಲಾಭ ಆಗಿದೆ. ಅಲಂಕಾರದವರು ಚೆಂಡುಹೂ ಕೇಳಿಕೊಂಡು ಹೊಲಕ್ಕೇ ಬಂದರು. 180 ಕಿಲೋ ಕೊಟ್ಟೆ. ಕಿಲೋಗೆ 40 ರೂಪಾಯಿಯಂತೆ ಅಲ್ಲೇ ಕೈಗೆ ಕಾಸು ಹಾಕಿದರು. ಆ ವಾರ ಮಾರ್ಕೆಟ್ಟಿಗೆ ಹೊತ್ತುಕೊಂಡು ಹೋಗಿದ್ದರೆ ಅದರ ಅರ್ಧವೂ ಹುಟ್ಟುತ್ತಿರಲಿಲ್ಲ. ಪಕ್ಕದ ಹೊಲದವರ ಮಗ ಅದೇ ರೆಸಾರ್ಟಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಹಾಗಾಗಿ ರೆಸಾರ್ಟೇ ಬೇಡ, ಮದುವೆಯೇ ಬೇಡ ಎಂದು ವಾದ ಹೂಡುವವನು ನಾನಲ್ಲ.

ಹಿಂದಿನ ದಿನ ಬೆಳಿಗ್ಗೆಯಿಂದಲೇ ಕಾರುಗಳು, ಜನರೇಟರ್ ಹೊತ್ತ ಲಾರಿ, ಆಳೆತ್ತರದ ಸೌಂಡ್ ಬಾಕ್ಸುಗಳು ಬಂದವು. ಮಧ್ಯಾಹ್ನ ಅರಿಶಿಣದ ಶಾಸ್ತ್ರ. ಸಂಜೆ ಆರಕ್ಕೆ ಹುಲ್ಲುಹಾಸಿನ ಮೇಲೆ ಹಾಡು, ಕುಣಿತ. ರಾತ್ರಿ ಊಟದ ಹೊತ್ತಿಗೆ ಪಟಾಕಿ. ನಾನು ಕಾವಲಿಗೆ ಹೋದವನು ಅಟ್ಟಣೆಯ ಕಂಬ ಹಿಡಿದರೆ ಕೈಗೆ ಅದರ ನಡುಕ ತಿಳಿಯುತ್ತಿತ್ತು. ಹತ್ತು ಗಂಟೆಗೆ ಸರಿಯಾಗಿ ಎಲ್ಲ ನಿಂತಿತು. ಕಾನೂನು ಮೀರಿದರು ಎಂದು ಅವರ ಮೇಲೆ ದೂರು ಹೇಳಲಾರೆ.

ಹನ್ನೊಂದರ ಸುಮಾರಿಗೆ ಪಕ್ಕದ ಹೊಲದಿಂದ ಕೂಗು ಕೇಳಿತು. “ಅಣ್ಣಾ, ಆನೆ ಒಳಗದ! ಬ್ಯಾಟರಿ ತಕ್ಕೊಂಡು ಬಾ!” ಐದು ಆನೆ, ಅದರಲ್ಲೊಂದು ಮರಿ. ಎಂಟು ದಿನದಲ್ಲಿ ಕೊಯ್ಲಿಗೆ ಬರುವ ರಾಗಿ. ನಾವು ನಾಲ್ಕು ಜನ ತಮಟೆ ಬಡಿದು ಅವನ್ನು ದಾಟಿಸುವ ಹೊತ್ತಿಗೆ ಮುಕ್ಕಾಲು ಎಕರೆ ಮಣ್ಣುಪಾಲಾಗಿತ್ತು. ತಾಯಿಯಾನೆ ಒಂದು ಸಲ ತಿರುಗಿ ನಿಂತಿತು. ಮರಿ ಇರುವ ಆನೆ ತಿರುಗಿ ನಿಂತರೆ ಏನರ್ಥ ಎಂದು ಕಾಡಂಚಿನವರಿಗೆ ಹೇಳಬೇಕಾಗಿಲ್ಲ. ಆ ರಾತ್ರಿ ಯಾರ ಜೀವವೂ ಹೋಗಲಿಲ್ಲ, ಅಷ್ಟೇ.

‘ಆನೆ ಮೊನ್ನೆಯೂ ಬಂದಿತ್ತು, ನಾಳೆಯೂ ಬರುತ್ತದೆ, ಮದುವೆಗೇಕೆ ಗಂಟು ಹಾಕುತ್ತೀಯ?’ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಆಣೆ ಮಾಡಿ ಹೇಳಲಾರೆ. ಆದರೆ ಆ ಗುಂಪಿನ ದಾರಿ ನಮಗೆ ಗೊತ್ತು. ಮುಸ್ಸಂಜೆಗೆ ಕಾಡಿನಿಂದ ಇಳಿದು, ರೆಸಾರ್ಟಿನ ಹಿಂದಿನ ಹಳ್ಳದ ಗುಂಟ ಕೆರೆಗೆ ಹೋಗಿ, ನೀರು ಕುಡಿದು ಅದೇ ದಾರಿಯಲ್ಲಿ ಹತ್ತುತ್ತವೆ. ಅದಕ್ಕೇ ನಾವು ಸೋಲಾರ್ ಬೇಲಿಯನ್ನು ಹಳ್ಳದ ಕಡೆಗೆ ಹಾಕಿಕೊಂಡಿದ್ದೇವೆ. ಆ ರಾತ್ರಿ ಅವು ಬಂದದ್ದು ಬೇಲಿ ಇಲ್ಲದ ರಸ್ತೆ ಕಡೆಯಿಂದ. ಅಷ್ಟು ವರ್ಷದಲ್ಲಿ ಆ ಕಡೆಯಿಂದ ಬಂದದ್ದನ್ನು ನಾನು ಕಂಡಿರಲಿಲ್ಲ.

ಆನೆಯ ಕಿವಿಯ ಬಗ್ಗೆಯೂ ಸ್ವಲ್ಪ ತಿಳಿದುಕೊಳ್ಳಬೇಕು. ನಮಗೆ ಕೇಳಿಸದಷ್ಟು ತಗ್ಗಿನ ಸ್ವರದಲ್ಲಿ, ಅಂದರೆ 20 ಹರ್ಟ್ಸ್‌ಗಿಂತ ಕೆಳಗೆ, ಆನೆಗಳು ಒಂದಕ್ಕೊಂದು ಕೂಗಿಕೊಳ್ಳುತ್ತವೆ ಎಂದು 1980ರ ದಶಕದಲ್ಲಿ ಕೇಟಿ ಪೇನ್ ಎಂಬ ಅಮೆರಿಕದ ಸಂಶೋಧಕಿ ಕಂಡುಹಿಡಿದರು. ಆ ಸ್ವರ ಕೆಲವು ಕಿಲೋಮೀಟರ್ ದೂರ ಹೋಗುತ್ತದೆ. ಗುಂಪಿನವು ಪರಸ್ಪರ ಸುದ್ದಿ ಮುಟ್ಟಿಸುವುದೇ ಹೀಗೆ. ಕಂಬ ನಡುಗಿಸುವ ಬಾಕ್ಸುಗಳ ಎದುರಿಗೆ ಮರಿ ಕಟ್ಟಿಕೊಂಡ ಆನೆ ತನ್ನ ದಾರಿ ಬಿಟ್ಟು ಸುತ್ತು ಹಾಕಿದರೆ ಅದರಲ್ಲಿ ಆಶ್ಚರ್ಯವೇನಿದೆ?

ಇನ್ನು ಕಾನೂನಿನ ಮಾತು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಅದು ಮನುಷ್ಯರ ನಿದ್ದೆಯ ಲೆಕ್ಕ. ಇಲ್ಲಿ ಆನೆಯ ಓಡಾಟ ಶುರುವಾಗುವುದೇ ಸಂಜೆ ಆರಕ್ಕೆ. ಪಟ್ಟಣಕ್ಕೆ ಮಾಡಿದ ಗಡಿಯಾರವನ್ನು ಕಾಡಿನ ಬಾಯಿಗೆ ತಂದು ಕಟ್ಟಿದರೆ ಏನು ಪ್ರಯೋಜನ? ಬಂಡೀಪುರ 1973ರಿಂದ ಹುಲಿ ಯೋಜನೆಯ ಕಾಡು. ಅದರ ನಡುವಿನ ಹೆದ್ದಾರಿಗಳಲ್ಲಿ ಪ್ರಾಣಿಗಳಿಗಾಗಿಯೇ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಬಂತು. 2012ರಲ್ಲಿ ಸುತ್ತಲಿನ ಹಳ್ಳಿಗಳು ಪರಿಸರ ಸೂಕ್ಷ್ಮ ವಲಯಕ್ಕೆ ಸೇರಿದವು. ನಾವು ದನ ಮೇಯಿಸಲು ಕಾಡಿಗೆ ಬಿಡುವಂತಿಲ್ಲ, ಸೌದೆ ತರುವಂತಿಲ್ಲ. ಗೊಣಗುತ್ತಲೇ ಆದರೂ ಒಪ್ಪಿಕೊಂಡಿದ್ದೇವೆ. ಅದೇ ಕಾಡನ್ನು ನೋಡಲು ಬರುವವರ ಸಂಭ್ರಮಕ್ಕೆ ಮಾತ್ರ ಮಿತಿ ಬೇಡವೇ?

ಕಾಡು ಇದೆ ಅಂತಲೇ ಆ ರೆಸಾರ್ಟಿನ ಕೋಣೆಗೆ ಬೆಲೆ. ಆ ಬೆಲೆ ಹೋಗುವುದು ಮಾಲೀಕನ ಕೈಗೆ. ಆದರೆ ಕಾಡಿನ ಅಂಚಲ್ಲಿ ರಾತ್ರಿಯೆಲ್ಲ ಕೂತು ಪ್ರಾಣಿಯನ್ನು ಕೊಲ್ಲದೆ ಹಿಂದಕ್ಕೆ ಕಳಿಸುವವನು ರೈತ. ಅವನಿಗೆ ಸಂಬಳವಿಲ್ಲ. ಬೆಳೆ ಹೋದರೆ ಪಹಣಿ, ಫೋಟೋ, ಅರ್ಜಿ ಹಿಡಿದು ಅಲೆಯಬೇಕು. 2025ರ ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಸರಕಾರ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿತು. ಜೀವ ಹೋದ ಮೇಲೆ ಎಚ್ಚರವಾಗುವುದಕ್ಕಿಂತ ಮೊದಲೇ ಕೂತು ಮಾತಾಡುವುದು ಒಳ್ಳೆಯದಲ್ಲವೇ?

ನಮ್ಮ ಕಡೆ ಮದುವೆಯ ಹಿಂದಿನ ದಿನ ಚಪ್ಪರ. ಚಪ್ಪರ ಹಾಕುವ ಮೊದಲು ಅಕ್ಕಪಕ್ಕದವರಿಗೆ ವೀಳ್ಯ ಕೊಟ್ಟು ಹೇಳಿ ಬರುತ್ತೇವೆ. ನಿಮ್ಮ ಬಾಗಿಲ ಮುಂದೆ ಕಂಬ ನೆಡುತ್ತೇವೆ, ನಾಲ್ಕು ದಿನ ತೊಂದರೆ ಆಗುತ್ತದೆ, ಸಹಿಸಿಕೊಳ್ಳಿ ಎಂದು. ಪಕ್ಕದವರು ಬೇಡ ಅನ್ನುವುದಿಲ್ಲ, ಬಂದು ಸೊಪ್ಪು ಕಟ್ಟಿಕೊಡುತ್ತಾರೆ. ರೆಸಾರ್ಟಿನವರಿಂದ ನಾವು ಕೇಳುವುದೂ ಇಷ್ಟೇ.

ಒಂದು, ಮದುವೆಯ ದಿನ ಗೊತ್ತಾದ ಕೂಡಲೇ ಗ್ರಾಮ ಪಂಚಾಯತಿಗೂ ಸುತ್ತಲಿನ ಹೊಲದವರಿಗೂ ತಿಳಿಸಲಿ. ಎರಡು, ಹೊರಗಿನ ಹಾಡು, ಕುಣಿತ ಹಗಲಿಗೇ ಮುಗಿಯಲಿ, ಮುಸ್ಸಂಜೆಯ ಮೇಲೆ ಒಳಗೆ ಸಣ್ಣ ದನಿಯಲ್ಲಿ ನಡೆಯಲಿ. ಪಟಾಕಿ ಬೇಡವೇ ಬೇಡ. ಮೂರು, ಆ ರಾತ್ರಿಗಳ ಹೆಚ್ಚಿನ ಕಾವಲಿಗೆ ಊರಿನ ಹುಡುಗರನ್ನೇ ಇಟ್ಟು ಅವರ ಕೂಲಿಯನ್ನು ಮದುವೆಯ ಖರ್ಚಿಗೆ ಸೇರಿಸಲಿ. ಅಷ್ಟು ದೊಡ್ಡ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬಾರದು. ನಾಲ್ಕು, ಎಂಜಲೆಲೆ, ಮಿಕ್ಕ ಅನ್ನ ಬಯಲಿಗೆ ಬೀಳದಿರಲಿ. ಅದರ ವಾಸನೆಗೆ ಬಂದ ಹಂದಿ ಅಲ್ಲಿಂದ ನೇರ ನಮ್ಮ ಹೊಲಕ್ಕೇ ನುಗ್ಗುತ್ತದೆ. ಐದು, ಪ್ರವಾಸದ ಉದ್ಯಮದಿಂದ ಸಂರಕ್ಷಣಾ ಶುಲ್ಕ ತೆಗೆದು ಸ್ಥಳೀಯರಿಗಾಗಿ ಬಳಸಬೇಕೆಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ 2012ರ ಮಾರ್ಗಸೂಚಿಯಲ್ಲೇ ಇದೆ. ಅದರ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ.

ಇದೇನು ಆಗದ ಮಾತಲ್ಲ. 2019ರ ಜೂನಿನಲ್ಲಿ ಉತ್ತರಾಖಂಡದ ಔಲಿ ಎಂಬ ಬೆಟ್ಟದ ಹುಲ್ಲುಗಾವಲಲ್ಲಿ ಒಂದು ಭಾರೀ ಶ್ರೀಮಂತರ ಮದುವೆ ನಡೆದಾಗ, ಪರಿಸರಕ್ಕೆ ಆಗಬಹುದಾದ ಹಾನಿಗೆಂದು ಅಲ್ಲಿನ ಹೈಕೋರ್ಟು 3 ಕೋಟಿ ರೂಪಾಯಿ ಠೇವಣಿ ಇಡಿಸಿತು. ಅಲ್ಲಿ ಕೋರ್ಟು ಮಾಡಿಸಿದ್ದನ್ನು ಇಲ್ಲಿ ಪಂಚಾಯತಿ ಮಾತಿನಲ್ಲೇ ಮುಗಿಸಬಹುದು.

ನಮ್ಮ ಕೈಲಿ ಆಗುವುದೂ ಇದೆ. ಹೂ, ಬಾಳೆಕಂದು, ಹಾಲು, ತರಕಾರಿ ಅವರಿಗೆ ಹೋಗುವುದು ನಮ್ಮ ಹೊಲದಿಂದಲೇ. ಕೊಡುವಾಗ ರೇಟು ಒಂದನ್ನೇ ಮಾತಾಡಿ ಸುಮ್ಮನಾಗುತ್ತೇವೆ. ನಾನೂ ಹಾಗೇ ಮಾಡಿದೆ. ನಮ್ಮೂರ ಹಬ್ಬದಲ್ಲಿ ಮೈಕು ಹಾಕುವವರೂ ನಾವೇ, ಅದನ್ನೂ ತಗ್ಗಿಸಬೇಕು. ಇಲ್ಲವಾದರೆ ಇನ್ನೊಬ್ಬರಿಗೆ ಹೇಳುವ ಬಾಯಿ ಉಳಿಯುವುದಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಚೆಂಡುಹೂವಿನ ಮಂಟಪದಲ್ಲಿ ತಾಳಿ ಕಟ್ಟಿದರಂತೆ. ಆ ಹೊತ್ತಿಗೆ ನಾವು ತುಳಿದ ರಾಗಿಯಲ್ಲಿ ತೆನೆ ಆರಿಸುತ್ತಿದ್ದೆವು. ಮಕ್ಕಳು ಚೆನ್ನಾಗಿ ಬಾಳಲಿ. ಹಿಂದಿನ ದಿನ ಇಲ್ಲಿ ಆದದ್ದನ್ನು ಅವರಿಗೆ ಯಾರೂ ಹೇಳಿರಲಾರರು. ಮುಂದಿನ ಸಲ ಹೂ ಕೇಳಿಕೊಂಡು ಬಂದವರಿಗೆ ರೇಟು ಹೇಳುವ ಮೊದಲು ಇದನ್ನು ಹೇಳಬೇಕು ಅಂದುಕೊಂಡಿದ್ದೇನೆ.