ಸಹಿ ಹಾಕಿಸಿದವರನ್ನ ಕೇಳ್ರಪ್ಪಾ

"ನಮ್ಮೋರೇ ರಾಷ್ಟ್ರಪತಿ ಆಗಿದ್ರಲ್ಲಣ್ಣ, ನಮ್ಮ ಬಡವರನ್ನ ಹೊರಗಿಟ್ಟ ಆ 10% ಇಡಬ್ಲ್ಯೂಎಸ್ ಮೀಸಲಾತಿಗೆ ಯಾಕೆ ಸಹಿ ಹಾಕಿದ್ರು?" ಹುಡುಗರು ಈಗಲೂ ನನ್ನ ಕೇಳ್ತಾರೆ. ಸಿಟ್ಟು ನನಗೂ ಇದೆ ಕಣ್ರೋ. ಆದರೆ 2019ರ ಜನವರಿಯಲ್ಲಿ ಕೋವಿಂದ್ ಅವರ ಮುಂದೆ ಬಂದದ್ದು ಸಂವಿಧಾನ ತಿದ್ದುಪಡಿ ಮಸೂದೆ. ಅದಕ್ಕೆ ರಾಷ್ಟ್ರಪತಿ ಅಂಕಿತ ಹಾಕಲೇಬೇಕು, ವಾಪಸ್ ಕಳಿಸೋಕೂ ಬರಲ್ಲ. 1971ರ 24ನೇ ತಿದ್ದುಪಡಿ ಹಾಕಿದ ಕಟ್ಟು ಅದು.

ಮಿಕ್ಕಿದ್ದರಲ್ಲೂ ಮಂತ್ರಿಮಂಡಲದ ಸಲಹೆಯಂತೆಯೇ ನಡೀಬೇಕು ಅನ್ನುತ್ತೆ 74ನೇ ವಿಧಿ. ಹೆಚ್ಚೆಂದರೆ ಒಂದು ಸಲ ‘ಮತ್ತೆ ಯೋಚಿಸಿ’ ಅನ್ನಬಹುದು. ಕೆ.ಆರ್. ನಾರಾಯಣನ್ ಅಷ್ಟನ್ನಾದರೂ ಮಾಡಿ ತೋರಿಸಿದರು: 1997ರಲ್ಲಿ ಉತ್ತರ ಪ್ರದೇಶ, 1998ರಲ್ಲಿ ಬಿಹಾರ, ಎರಡೂ ಕಡೆ ರಾಷ್ಟ್ರಪತಿ ಆಳ್ವಿಕೆ ಹೇರೋ ಶಿಫಾರಸು ವಾಪಸ್. ರಾಷ್ಟ್ರಪತಿ ದೇಶದ ಮುಖ್ಯಸ್ಥರೇ ಹೊರತು ಆಡಳಿತದ ಮುಖ್ಯಸ್ಥರಲ್ಲ ಅಂತ ಬಾಬಾಸಾಹೇಬರು 1948ರಲ್ಲೇ ಬಿಡಿಸಿ ಹೇಳಿದ್ದರು.

ಹಾಗಾದ್ರೆ ಅಧಿಕಾರ ಇರೋದು ಸಲಹೆ ಕೊಡುವ ಕೋಣೆಯಲ್ಲಿ. ಆ ಕೋಣೆಯ ಬಾಗಿಲವರೆಗೆ ಬಾಬು ಜಗಜೀವನ ರಾಮ್ 1979ರಲ್ಲಿ ಬಂದಿದ್ದರು. ಚರಣ್ ಸಿಂಗ್ ಪ್ರಧಾನಿಯಾಗಿ ಒಂದು ದಿನವೂ ಬಹುಮತ ತೋರಿಸದೆ ರಾಜೀನಾಮೆ ಕೊಟ್ಟರು. ಕೊಡುವಾಗ ಲೋಕಸಭೆ ವಿಸರ್ಜಿಸಿ ಅಂತ ಸಲಹೆಯನ್ನೂ ಕೊಟ್ಟರು. ಬಹುಮತ ನನಗಿದೆ ಅಂತ ಜಗಜೀವನ ರಾಮ್ ಹೇಳ್ತಾನೇ ಇದ್ರು. ರಾಷ್ಟ್ರಪತಿ ಸಂಜೀವ ರೆಡ್ಡಿ ಒಪ್ಪಿದ್ದು ಆ ಸಲಹೆಯನ್ನ. ಲೋಕಸಭೆಯ ವಿಶ್ವಾಸವನ್ನೇ ಪಡೆಯದವರ ಮಾತು ಅವತ್ತು ವೇದವಾಕ್ಯ ಆಯ್ತು ನೋಡಿ!

ದಲಿತರನ್ನ ರಾಷ್ಟ್ರಪತಿ ಮಾಡಿದ್ವಿ ಅಂತ ಪಕ್ಷಗಳು ಎದೆ ತಟ್ಟಿಕೊಳ್ತವೆ. ದಲಿತ ಪ್ರಧಾನಿ ಇವತ್ತಿಗೂ ಒಬ್ಬರೂ ಆಗಿಲ್ಲ. ವೋಟು ಕೇಳೋಕೆ ಬಂದಾಗ ಇದನ್ನ ಕೇಳಿ.

ಜೈ ಭೀಮ್.